ಜಾಹೀರಾತಿನಿಂದ ಚಿತ್ರಪಟಕ್ಕೆ: ರೂಪದರ್ಶಿಯರು ನಡೆದ ಹಾದಿ

ಪಶ್ಚಿಮ ರೈಲುಮಾರ್ಗದಲ್ಲಿ ಕಾಂದಿವಲಿಯಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಸಿಕ್ಕುವ ನಿಲ್ದಾಣ ಮಲಾಡ. ಹಿಮಾಂಶು ರಾಯ್ ಹಾಗೂ ದೇವಿಕಾ ರಾಣಿ 1934ರಲ್ಲಿ ‘ಬಾಂಬೆ ಟಾಕೀಸ್’ ಸಂಸ್ಥೆಯನ್ನು ಕಟ್ಟಿದ್ದು ಅಲ್ಲಿಯೇ. ಅದರಿಂದ ಬೇರ್ಪಟ್ಟವರು 1943ರಲ್ಲಿ ನೆರೆಯ ಗೋರೆಗಾಂವದಲ್ಲಿ ‘ಫಿಲ್ಮಿಸ್ತಾನ’ವನ್ನು ಆರಂಭಿಸಿದರು. ಹೀಗೆ, ಉದ್ಯೋಗವನ್ನರಸಿ ಬಂದು ಈ ಉಪನಗರಗಳಲ್ಲಿ ನೆಲಸಿದ ಕನ್ನಡಿಗರಿಗೆ ಚಿತ್ರೋದ್ಯಮವು ದೂರದ ಬೆರಗಲ್ಲ, ನೆರೆಮನೆಯ ವ್ಯವಹಾರ. ಆದುದರಿಂದ ಫ್ಯಾಷನ್ ವೇದಿಕೆಯ ರೂಪದರ್ಶಿಯು ಚಿತ್ರನಟಿಯಾಗುವ ಪರಿಪಾಠ ಹೇಗೆ ಬೆಳೆದು ಬಂದಿತು, ಅದರಲ್ಲಿ ಕರ್ನಾಟಕ ಮೂಲದವರ ಪಾಲು ಏನು ಎಂಬುದನ್ನು ಇಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

1994ರಲ್ಲಿ ಸುಷ್ಮಿತಾ ಸೇನ್ ವಿಶ್ವಸುಂದರಿಯಾಗಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಜಗದೇಕಸುಂದರಿಯಾಗಿ ಕಿರೀಟ ಧರಿಸಿದಂದಿನಿಂದ ಈ ಹಾದಿ ತೆರೆಯಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಆಕರ್ಷಕವಾಗಿದ್ದರೂ ಇತಿಹಾಸದ ಪರೀಕ್ಷೆಯಲ್ಲಿ ಪೂರ್ತಿಯಾಗಿ ನಿಲ್ಲುವುದಿಲ್ಲ.

ಜಾಹೀರಾತಿಗೂ ಚಿತ್ರಪಟಕ್ಕೂ ನಂಟು ಬೆಳೆದುದು ಬಹು ಹಿಂದೆಯೇ. ಆದರೆ ಅದು ಹರಿಯುತ್ತಿದ್ದ ದಿಕ್ಕು ಬೇರೆ. ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ನಿಸ್ ಮರಾಠಿ ರಂಗಭೂಮಿಯಿಂದ ಚಿತ್ರಗಳಿಗೆ ಬಂದವರು. ಮಲಾಡದ ಸಂಸ್ಥೆಯ ‘ಕಂಗನ್’ (1939), ‘ಬಂಧನ್’ (1940) ಚಿತ್ರಗಳಿಂದ ಅವರು ಮನೆಮಾತಾದರು. 1941ರಲ್ಲಿ ಅವರ ಮುಖ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿತು. ಆ ಗೌರವ ಪಡೆದ ಮೊದಲ ಭಾರತೀಯ ತಾರೆ ಅವರೆಂದು ಚಿತ್ರಚರಿತ್ರಕಾರರು ಬರೆದಿದ್ದಾರೆ. ಇಲ್ಲಿ ನಟಿಯ ಕೀರ್ತಿಯನ್ನು ಸಾಬೂನು ಎರವಲು ಪಡೆಯಿತು. ಅರ್ಧ ಶತಮಾನದ ತರುವಾಯ ಪಾತ್ರಗಳು ಅದಲುಬದಲಾದವು: ಪಾನೀಯದ ಜಾಹೀರಾತು ಪರಿಚಯಿಸಿದ ಮುಖವನ್ನು ಚಿತ್ರಪಟ ಎರವಲು ಪಡೆಯತೊಡಗಿತು.

ಈ ಬದಲಾವಣೆ ಒಮ್ಮೆಗೇ ಆದುದಲ್ಲ. 1965ರಲ್ಲಿ ಮಿಸ್ ಇಂಡಿಯಾ ಆದ ಪರ್ಸಿಸ್ ಖಂಬಾಟಾ 1968ರಲ್ಲಿ ಕೆ. ಎ. ಅಬ್ಬಾಸರ ‘ಬಂಬಯಿ ರಾತ್ ಕೀ ಬಾಹೋಂ ಮೇಂ’ ಚಿತ್ರದಲ್ಲಿ ನಟಿಸಿದರು. 1970ರಲ್ಲಿ ಏಷ್ಯಾ ಪೆಸಿಫಿಕ್ ಸ್ಪರ್ಧೆಯಲ್ಲಿ ಗೆದ್ದ ಜೀನತ್ ಅಮಾನ್‌ಗೆ ಮರುವರ್ಷವೇ ‘ಹರೇ ರಾಮ ಹರೇ ಕೃಷ್ಣ’ ಪ್ರಸಿದ್ಧಿ ತಂದಿತು. 1984ರ ಮಿಸ್ ಇಂಡಿಯಾ ಜೂಹಿ ಚಾವ್ಲಾ ಅವರನ್ನಂತೂ ಕನ್ನಡಿಗರು ಮರೆಯುವಂತಿಲ್ಲ. ಹಿಂದಿಯ ‘ಕಯಾಮತ್ ಸೇ ಕಯಾಮತ್ ತಕ್’ (1988) ಅವರನ್ನು ತಾರೆಯಾಗಿಸುವ ಮುನ್ನ, 1987ರಲ್ಲಿಯೇ, ರವಿಚಂದ್ರನ್ ಅವರ ‘ಪ್ರೇಮಲೋಕ’ದ ನಾಯಕಿಯಾಗಿ ಅವರು ಕರ್ನಾಟಕದ ಮನಗೆದ್ದಿದ್ದರು.

ಕಿರೀಟವಿಲ್ಲದೆಯೂ ಹಾದಿ ತೆರೆಯಿತೆಂಬುದಕ್ಕೆ ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಶಿಲ್ಪಾ ಶೆಟ್ಟಿ ಸಾಕ್ಷಿ. 1991ರಲ್ಲಿ ಲಿಮ್ಕಾ ಜಾಹೀರಾತು, 1993ರಲ್ಲಿ ‘ಬಾಜೀಗರ್’. ಐಶ್ವರ್ಯಾ ರೈ ಕೂಡ ಕಿರೀಟಕ್ಕೆ ಮೊದಲೇ, 1993ರಲ್ಲಿ, ಪೆಪ್ಸಿ ಜಾಹೀರಾತಿನ ಮೂಲಕ ನಾಡಿಗೆ ಪರಿಚಿತರಾಗಿದ್ದರು. ಇದಕ್ಕೆ ಕಾರಣವೂ ಸ್ಪಷ್ಟ. 1976ರಲ್ಲಿ ದೂರದರ್ಶನ ಜಾಹೀರಾತಿಗೆ ಎಡೆಗೊಟ್ಟಿತು. 1982ರಲ್ಲಿ ಬಣ್ಣ ಬಂದಿತು. 1991ರ ಆರ್ಥಿಕ ಉದಾರೀಕರಣದೊಡನೆ ಹೊಸ ಸರಕುಗಳೂ ಉಪಗ್ರಹ ವಾಹಿನಿಗಳೂ ಬಂದವು. ಚಿತ್ರಮಂದಿರಕ್ಕೆ ಕಾಲಿಡುವ ಮುನ್ನವೇ ಪ್ರೇಕ್ಷಕನು ನಾಯಕಿಯನ್ನು ತನ್ನ ಮನೆಯ ಪಡಸಾಲೆಯಲ್ಲಿ ನೂರಾರು ಸಲ ಕಂಡಿರುತ್ತಿದ್ದನು. 1994ರ ಕಿರೀಟಗಳು ಬಾಗಿಲನ್ನು ಹಿಗ್ಗಿಸಿದುವೇ ಹೊರತು ಮೊದಲು ತೆರೆದುದು ಅವುಗಳಲ್ಲ.

ಇನ್ನು ಪ್ರಶ್ನೆಯಿರುವುದು ಕಲೆಯ ವಿಷಯದಲ್ಲಿ. ರೂಪದರ್ಶಿಯ ವೃತ್ತಿ ಬಹುಮಟ್ಟಿಗೆ ಮೌನದ ವೃತ್ತಿ. ಕ್ಯಾಮರಾದ ಮುಂದೆ ಸಂಕೋಚವಿಲ್ಲದೆ ನಿಲ್ಲುವುದು, ಬೆಳಕಿನ ಅರಿವು, ನಡಿಗೆಯ ಹಿಡಿತ ಇವನ್ನು ಅದು ಕಲಿಸುತ್ತದೆ, ಮಾತನ್ನು ಕಲಿಸುವುದಿಲ್ಲ. ರಂಗಭೂಮಿಯಿಂದ ಬಂದ ಲೀಲಾ ಚಿಟ್ನಿಸರ ತಲೆಮಾರಿಗೆ ಮಾತೇ ಬಂಡವಾಳವಾಗಿತ್ತು. ಹೊಸ ತಲೆಮಾರಿಗೆ ಈ ಕೊರತೆಯನ್ನು ತುಂಬಿದುದು ಎರವಲು ಧ್ವನಿ. 1997ರಲ್ಲಿ ಮಣಿರತ್ನಂ ಅವರ ತಮಿಳು ಚಿತ್ರ ‘ಇರುವರ್’ನಲ್ಲಿ ಐಶ್ವರ್ಯಾ ರೈ ಮೊದಲ ಬಾರಿಗೆ ತೆರೆಯ ಮೇಲೆ ಬಂದಾಗ ಕೇಳಿಸಿದ ಕಂಠ ಬೇರೊಬ್ಬರದು. 2007ರ ‘ಓಂ ಶಾಂತಿ ಓಂ’ನಲ್ಲಿ ದೀಪಿಕಾ ಪಡುಕೋಣೆ ಅವರ ವಿಷಯದಲ್ಲಿಯೂ ಹಾಗೆಯೇ ಆಯಿತು. ಇದು ನಿಂದೆಯ ಮಾತಲ್ಲ. ಇಬ್ಬರೂ ಮುಂದೆ ಸ್ವಂತ ದನಿಯನ್ನು ಸಾಧಿಸಿದರು. ‘ಹಮ್ ದಿಲ್ ದೇ ಚುಕೇ ಸನಮ್’ (1999), ‘ಪೀಕೂ’ (2015) ಚಿತ್ರಗಳೇ ಇದಕ್ಕೆ ಪ್ರಮಾಣ. ರೂಪದರ್ಶಿ ನಟಿಯಾಗುವುದು ತೆರೆಯ ಮೇಲೆ ಕಾಣಿಸಿಕೊಂಡ ದಿನವಲ್ಲ, ಆಡಿದ ಮಾತು ತನ್ನದೇ ಆದ ದಿನ.

ಮಾತಿನ ಪ್ರಸ್ತಾಪ ಬಂದುದರಿಂದ ಹೊರನಾಡಿಗರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದುದೊಂದಿದೆ. ಇವರನ್ನೆಲ್ಲ ‘ನಮ್ಮವರು’ ಎಂದು ನಾವು ಹೆಮ್ಮೆಪಡುತ್ತೇವೆ. ಆದರೆ ಐಶ್ವರ್ಯಾ ರೈ ಅವರ ಮನೆಮಾತು ತುಳು, ದೀಪಿಕಾ ಅವರದು ಕೊಂಕಣಿ. ಇಬ್ಬರನ್ನೂ ವಿವೇಚನೆಯಿಲ್ಲದೆ ಕನ್ನಡದ ಲೆಕ್ಕಕ್ಕೆ ಬರೆದುಕೊಂಡರೆ ಆ ಸೋದರ ಭಾಷೆಗಳಿಗೆ ಅನ್ಯಾಯವಾಗುತ್ತದೆ. ಚಿತ್ರಗಳ ಲೆಕ್ಕವಾದರೋ ಇನ್ನೂ ವಿಚಿತ್ರ. ದೀಪಿಕಾ ತಮ್ಮ ನಟನಾಜೀವನವನ್ನು ಆರಂಭಿಸಿದ್ದು ಇಂದ್ರಜಿತ್ ಲಂಕೇಶರ ಕನ್ನಡ ಚಿತ್ರದಿಂದ, 2006ರಲ್ಲಿ. ಅದರ ಹೆಸರು ‘ಐಶ್ವರ್ಯಾ’. ಶಿಲ್ಪಾ ಶೆಟ್ಟಿ 1998ರಲ್ಲಿ ‘ಪ್ರೀತ್ಸೋದ್ ತಪ್ಪಾ’ ಚಿತ್ರದಲ್ಲಿ ನಟಿಸಿದರು. ಐಶ್ವರ್ಯಾ ರೈ ಅವರ ಚಿತ್ರಗಳ ಸಾಲಿನಲ್ಲಿ ತಮಿಳು, ಹಿಂದಿ, ಬಂಗಾಳಿ, ಇಂಗ್ಲಿಷ್ ಉಂಟು, ಕನ್ನಡ ಮಾತ್ರವಿಲ್ಲ.

ಇದರಲ್ಲಿ ದೂರಬೇಕಾದುದೇನೂ ಇಲ್ಲ. ಬಂಡವಾಳವೂ ಮಾರುಕಟ್ಟೆಯೂ ಎಲ್ಲಿ ದೊಡ್ಡದೋ ಕಲಾವಿದರು ಅಲ್ಲಿಗೆ ಹೋಗುವುದು ಸಹಜ. ನಾವೂ ಹಾಗೆಯೇ ಈ ನಗರಕ್ಕೆ ಬಂದವರು. ಆದರೆ ನೆಚ್ಚಿನ ಹೆಸರನ್ನು ಎತ್ತಿ ಆಡುವುದಕ್ಕೂ ಚರಿತ್ರೆಯನ್ನು ಅರಿಯುವುದಕ್ಕೂ ಅಂತರವುಂಟು. ಧಾರವಾಡದ ಲೀಲಾ ಚಿಟ್ನಿಸರನ್ನು ಮರೆತು 1994ರಿಂದ ಎಣಿಕೆ ತೊಡಗಿದರೆ ಹಾದಿಯ ಅರ್ಧಭಾಗವೇ ಕಾಣದಂತಾಗುತ್ತದೆ. ಕಾಂದಿವಲಿಯ ಕನ್ನಡಿಗನಿಗೆ ಆ ಮೊದಲರ್ಧದ ನೆಲವು ಒಂದೇ ನಿಲ್ದಾಣದಷ್ಟು ಹತ್ತಿರದಲ್ಲಿದೆ.