ಹಾಡಬಲ್ಲ ಉಪಾಧ್ಯಾಯ

ಪಾಶ್ಚಾತ್ಯ ಸಂಗೀತವನ್ನು ಅಷ್ಟಿಷ್ಟು ಕೇಳಿ ಬಲ್ಲವರಿಗೆ ಯೋಹಾನ್ ಸೆಬಾಸ್ಟಿಯನ್ ಬಾಖನ ಹೆಸರು ಹೊಸದಲ್ಲ. ಆತನ ಕೃತಿಗಳನ್ನು ದೊಡ್ಡ ದೊಡ್ಡ ಸಭಾಮಂದಿರಗಳಲ್ಲಿ ಹಣ ತೆತ್ತು ಕೇಳುವವರಿದ್ದಾರೆ. ಆದರೆ ಬಾಳಿನ ಕೊನೆಯ 27 ವರ್ಷ, ಎಂದರೆ 1723ರಿಂದ 1750ರವರೆಗೆ, ಆತ ಸಂಬಳ ಪಡೆದದ್ದು ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಸಂತ ಥಾಮಸನ ಹೆಸರಿನ ಶಾಲೆಯೊಂದರ ಉಪಾಧ್ಯಾಯನಾಗಿ ಎಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಮುಖ್ಯೋಪಾಧ್ಯಾಯ, ಉಪಮುಖ್ಯೋಪಾಧ್ಯಾಯ, ಅವರಿಬ್ಬರ ಬಳಿಕ ಮೂರನೆಯ ಸ್ಥಾನ ಆತನದು. ಆ ಹುದ್ದೆಗೆ ‘ಕಾಂಟರ್’ ಎಂದು ಹೆಸರು. ಹಾಡುವವನು ಎಂದು ಅದರ ಮೂಲಾರ್ಥ. ವಾರದ ದಿನಗಳಲ್ಲಿ ಶಾಲೆಯಲ್ಲಿ ಪಾಠ, ಭಾನುವಾರ ಚರ್ಚಿನಲ್ಲಿ ಗಾನ, ಎರಡಕ್ಕೂ ಆತನೇ ಹೊಣೆ. ಶಾಲೆಯನ್ನೂ ಪ್ರಾರ್ಥನಾಮಂದಿರವನ್ನೂ ಸಂಗೀತದ ಒಂದೇ ನೂಲಿನಿಂದ ಹೊಲಿದ ಈ ಏರ್ಪಾಡು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಏತಕ್ಕೆ ಸಡಿಲವಾಯಿತು ಎಂಬುದು ಉಪಾಧ್ಯಾಯವೃತ್ತಿಯವರು ಮಾತ್ರವೇ ಅಲ್ಲ, ಮಕ್ಕಳನ್ನು ಶಾಲೆಗೆ ಕಳಿಸುವ ಎಲ್ಲರೂ ಅರಿಯತಕ್ಕ ಕಥೆ.

ಇದರ ಮೂಲಪುರುಷ ಮಾರ್ಟಿನ್ ಲೂಥರ್. 1483ರಲ್ಲಿ ಹುಟ್ಟಿದ ಈತ ಬಾಲ್ಯದಲ್ಲಿ ಐಸೆನಾಖ್ ಊರಿನಲ್ಲಿ ಓದುತ್ತಿದ್ದಾಗ, ಅಂದಿನ ಬಡ ವಿದ್ಯಾರ್ಥಿಗಳ ವಾಡಿಕೆಯಂತೆ ಮನೆಮನೆಯ ಬಾಗಿಲಲ್ಲಿ ಹಾಡಿ ರೊಟ್ಟಿ ಬೇಡಿದವನು. ನಮ್ಮ ಕಡೆಯ ವಾರಾನ್ನದ ಹುಡುಗರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಸಂನ್ಯಾಸಿಯಾಗಿ, ವಿಟ್ಟೆನ್‌ಬೆರ್ಗ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿ, 1517ರಿಂದ ರೋಮಿನ ಚರ್ಚಿನೊಡನೆ ವಾದಕ್ಕಿಳಿದಾಗಲೂ ಆತ ಸಂಗೀತವನ್ನು ಬಿಡಲಿಲ್ಲ. ಲ್ಯೂಟ್ ಎಂಬ ತಂತೀವಾದ್ಯವನ್ನು ತಾನೇ ನುಡಿಸುತ್ತಿದ್ದನು. ವಿದ್ಯೆಗಳಲ್ಲಿ ದೇವತಾಶಾಸ್ತ್ರದ ಪಕ್ಕದ ಪೀಠ ಸಂಗೀತದ್ದು ಎನ್ನುತ್ತಿದ್ದನು.

ಆ ಕಾಲದ ಸುಧಾರಕರೆಲ್ಲರೂ ಹೀಗೆಯೇ ಎಣಿಸಿದವರಲ್ಲ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಜ್ವಿಂಗ್ಲಿ ಸ್ವತಃ ಒಳ್ಳೆಯ ಸಂಗೀತಗಾರ. ಆದರೂ ಆರಾಧನೆಯಲ್ಲಿ ಸಂಗೀತ ಕೂಡದೆಂದನು. ಅಲ್ಲಿಯ ಮುಖ್ಯ ಚರ್ಚಿನ ಆರ್ಗನ್ ವಾದ್ಯವನ್ನು 1527ರಲ್ಲಿ ಕಳಚಿ ತೆಗೆದರು. ಜಿನೀವದಲ್ಲಿ ಕಾಲ್ವಿನ್ ಬೈಬಲಿನ ಕೀರ್ತನೆಗಳನ್ನು ಏಕಧ್ವನಿಯಲ್ಲಿ ಹಾಡುವುದಕ್ಕೆ ಮಾತ್ರ ಒಪ್ಪಿದನು. ಲೂಥರನದು ಬೇರೆಯ ದಾರಿ. ಹಾಡು ಎಲ್ಲರಿಗೂ ಬೇಕು, ಅದು ಅವರ ಮನೆಮಾತಿನಲ್ಲಿರಬೇಕು, ಜೊತೆಗೆ ಪಂಡಿತರ ಬಹುಧ್ವನಿ ಗಾಯನವೂ ಉಳಿಯಬೇಕು ಎಂಬುದು ಆತನ ಮತ.

1524ನೆಯ ವರ್ಷ ಈ ಕಥೆಯಲ್ಲಿ ಮುಖ್ಯವಾದುದು. ಆ ವರ್ಷ ಎಂಟೇ ಹಾಡುಗಳ ಒಂದು ಸಣ್ಣ ಪುಸ್ತಕ ಅಚ್ಚಾಯಿತು. ಅದರಲ್ಲಿ ನಾಲ್ಕು ಲೂಥರನ ರಚನೆಗಳು. ಅದೇ ವರ್ಷ ಯೋಹಾನ್ ವಾಲ್ಟರ್ ಎಂಬ ಆಸ್ಥಾನಗಾಯಕ ಹಲವು ಧ್ವನಿಗಳಿಗೆ ಅಳವಡಿಸಿದ 43 ಹಾಡುಗಳ ಸಂಗ್ರಹ ವಿಟ್ಟೆನ್‌ಬೆರ್ಗಿನಲ್ಲಿ ಹೊರಬಂದಿತು. ಇದಕ್ಕೆ ಲೂಥರನೇ ಮುನ್ನುಡಿ ಬರೆದು, ಎಳೆಯರ ಬಾಯಲ್ಲಿರುವ ಕೀಳು ಶೃಂಗಾರದ ಹಾಡುಗಳ ಬದಲಿಗೆ ಒಳ್ಳೆಯದೊಂದು ಸಿಗಲೆಂಬುದೇ ಇದರ ಉದ್ದೇಶವೆಂದನು. ಅದೇ ವರ್ಷ ನಗರಸಭೆಗಳಿಗೆ ಬಹಿರಂಗವಾಗಿ ಬರೆದು, ಶಾಲೆಗಳನ್ನು ತೆರೆಯಿರೆಂದು ಒತ್ತಾಯಪಡಿಸಿದನು. ತನಗೆ ಮಕ್ಕಳಿದ್ದರೆ ಭಾಷೆ ಮತ್ತು ಚರಿತ್ರೆಗಳ ಜೊತೆಗೆ ಹಾಡುಗಾರಿಕೆಯನ್ನೂ ಗಣಿತವನ್ನೂ ಕಲಿಸುತ್ತಿದ್ದೆನೆಂದನು. ಹಾಡಲು ಬಾರದ ಉಪಾಧ್ಯಾಯನನ್ನು ತಾನು ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಆತ ಆಡಿದ ಮಾತನ್ನು ಶಿಷ್ಯರು ಬರೆದಿಟ್ಟಿದ್ದಾರೆ.

ಮಾತು ವ್ಯವಸ್ಥೆಯಾಗಿ ನಿಲ್ಲಲು ಒಬ್ಬ ಸಂಘಟಕ ಬೇಕು. ಲೂಥರನ ಗೆಳೆಯ ಮೆಲಾಂಕ್ತನ್ 1528ರಲ್ಲಿ ಸ್ಯಾಕ್ಸನಿಯ ಶಾಲೆಗಳಿಗೆ ಪಠ್ಯಕ್ರಮ ಹಾಕಿಕೊಟ್ಟನು. ಮಧ್ಯಾಹ್ನದ ಮೊದಲ ಗಂಟೆಯಲ್ಲಿ ಹಿರಿಯ ಕಿರಿಯ ಮಕ್ಕಳೆಲ್ಲರಿಗೂ ಪ್ರತಿನಿತ್ಯ ಸಂಗೀತಾಭ್ಯಾಸ ಎಂದು ಅದರಲ್ಲಿ ವಿಧಿಸಿದೆ. ವಾರಕ್ಕೊಂದು ದಿನವಲ್ಲ, ಕಂಠವಿದ್ದವರಿಗೆ ಮಾತ್ರವೂ ಅಲ್ಲ. ಇತ್ತ ಹೊಸ ದೊರೆ ಗಾಯಕಮೇಳವನ್ನು ವಿಸರ್ಜಿಸಿದ್ದರಿಂದ ವಾಲ್ಟರ್ ನಿರುದ್ಯೋಗಿಯಾದನು. ಬಳಿಕ ಟೋರ್ಗೌ ಪಟ್ಟಣದ ಶಾಲೆಯಲ್ಲಿ ಕೆಲಸಕ್ಕೆ ನಿಂತು, ವಿದ್ಯಾರ್ಥಿಗಳನ್ನೂ ಹಾಡಬಲ್ಲ ಪುರಜನರನ್ನೂ ಕೂಡಿಸಿ ಒಂದು ಮೇಳ ಕಟ್ಟಿದನು. ದೊರೆ ಕೈಬಿಟ್ಟ ಕಲೆಯನ್ನು ಶಾಲೆ ಕೈಹಿಡಿಯಿತು. ಲೂಥರನ್ ಕಾಂಟರುಗಳ ಪರಂಪರೆಗೆ ವಾಲ್ಟರನೇ ಆದಿ ಎನ್ನುವುದು ವಾಡಿಕೆ. ಲೈಪ್‌ಜಿಗ್ಗಿನಲ್ಲಿ ಮೊದಲು ಕಾಂಟರನಾಗಿದ್ದು ಆಮೇಲೆ ವಿಟ್ಟೆನ್‌ಬೆರ್ಗಿನಲ್ಲಿ ಮುದ್ರಣಾಲಯ ಇಟ್ಟ ಗೇಯೊರ್ಗ್ ರೌ ಎಂಬಾತ 1544ರಲ್ಲಿ ಸಾಮಾನ್ಯ ಶಾಲೆಗಳಿಗೆಂದೇ 123 ಹಾಡುಗಳನ್ನು ಅಚ್ಚುಹಾಕಿದನು.

ಶಾಲೆಯಲ್ಲಿ ಕಲಿತದ್ದು ಚರ್ಚಿಗೆ ಮುಟ್ಟಿದ ಬಗೆ ಸ್ವಾರಸ್ಯವಾಗಿದೆ. ಓದುಬರಹ ಬಲ್ಲವರು ಅಂದು ಕಡಿಮೆ; ಪುಸ್ತಕ ಕೊಳ್ಳಬಲ್ಲವರು ಇನ್ನೂ ಕಡಿಮೆ. ಹುಡುಗರು ಹಾಡಿದ್ದನ್ನು ಕೇಳಿ ಕೇಳಿ ಹಿರಿಯರು ಬಾಯಿಪಾಠ ಮಾಡಿಕೊಳ್ಳಬೇಕಾಗಿತ್ತು. ಇಲ್ಲೊಂದು ತೊಡಕಿತ್ತು. ಬಹುಧ್ವನಿ ಗಾಯನದಲ್ಲಿ ಮುಖ್ಯವಾದ ಮಟ್ಟು ‘ಟೆನರ್’ ಎಂಬ ನಡುವಣ ಧ್ವನಿಯಲ್ಲಿ ಅಡಗಿರುತ್ತಿತ್ತು. ಮೇಲೆ ಕೆಳಗೆ ಬೇರೆ ಧ್ವನಿಗಳು ಸುತ್ತಿಕೊಂಡು ಹರಿಯುತ್ತಿದ್ದುದರಿಂದ ಸಾಮಾನ್ಯರಿಗೆ ಅದನ್ನು ಹಿಡಿದು ಜೊತೆಗೂಡುವುದು ಕಷ್ಟ. 1586ರಲ್ಲಿ ಲ್ಯೂಕಾಸ್ ಓಸಿಯಾಂಡರ್ ಎಂಬ ಪಾದ್ರಿ ಆ ಮಟ್ಟನ್ನು ಎತ್ತಿ ಎಲ್ಲಕ್ಕೂ ಮೇಲಿನ ಧ್ವನಿಗೆ ತಂದು, ಐವತ್ತು ಹಾಡುಗಳನ್ನು ಪ್ರಕಟಿಸಿದನು. ಮೇಳದವರು ನಾಲ್ಕು ಧ್ವನಿಗಳಲ್ಲಿ ಹಾಡಲಿ, ಜನ ಮೇಲಿನದನ್ನು ಹಿಡಿದು ಕೂಡಿಕೊಳ್ಳಲಿ ಎಂಬುದು ಉಪಾಯ. ಒಬ್ಬ ಒಳ್ಳೆಯ ಉಪಾಧ್ಯಾಯನಿಗೆ ಹೊಳೆಯತಕ್ಕ ಉಪಾಯವೇ ಸರಿ.

ಈ ಏರ್ಪಾಡಿಗೆ ಇನ್ನೊಂದು ಮುಖವೂ ಉಂಟು. ಮೇಳಗಳಲ್ಲಿ ಹುಡುಗಿಯರಿಗೆ ಸ್ಥಾನವಿರಲಿಲ್ಲ. ಹುಡುಗರು ಮದುವೆಗಳಲ್ಲಿ ಹಾಡಬೇಕು, ಶವಯಾತ್ರೆಯ ಮುಂದೆ ಹಾಡುತ್ತ ನಡೆಯಬೇಕು, ಚಳಿಗಾಲದಲ್ಲಿ ಬೀದಿ ಬೀದಿ ಅಲೆದು ಹಾಡಿ ಕಾಸು ಕೂಡಿಸಬೇಕು. ಆ ಹಣದಲ್ಲಿ ಉಪಾಧ್ಯಾಯರಿಗೂ ಪಾಲು. ಬಾಖ್ 1730ರಲ್ಲಿ ಹಳೆಯ ಗೆಳೆಯನೊಬ್ಬನಿಗೆ ಬರೆದ ಕಾಗದದಲ್ಲಿ, ಊರಿನ ಹವೆ ಚೆನ್ನಾಗಿದ್ದು ಸಾವು ಕಡಿಮೆಯಾದ್ದರಿಂದ ಹಿಂದಿನ ವರ್ಷ ತನಗೆ ನೂರು ಟಾಲರಿಗೂ ಮಿಕ್ಕಿ ನಷ್ಟವಾಯಿತೆಂದು ಹೇಳಿಕೊಂಡಿದ್ದಾನೆ. ಆಗ ಆತನ ವಾರ್ಷಿಕ ಆದಾಯ ಸುಮಾರು 700 ಟಾಲರು. ನಗೆ ಬಂದರೂ ಆ ನಗೆಯ ಹಿಂದೆ ಸಂಸಾರಿಯೊಬ್ಬನ ಕಷ್ಟವಿದೆ.

ಬಾಖನ ಹುದ್ದೆ ಎಷ್ಟು ಭಾರವಾದುದೆಂದರೆ, ಲ್ಯಾಟಿನ್ ಪಾಠವೂ ಆತನ ಪಾಲಿಗೆ ಬಂದಿತ್ತು. ವರ್ಷಕ್ಕೆ 50 ಟಾಲರು ಕೊಟ್ಟು ಸಹೋದ್ಯೋಗಿಯೊಬ್ಬನಿಂದ ಆ ಪಾಠ ಮಾಡಿಸಿದನು. ನಾಲ್ಕು ಚರ್ಚುಗಳಿಗೆ ಶಾಲೆಯ ಹುಡುಗರನ್ನು ಹಂಚಿ ಕಳಿಸಬೇಕಾಗಿತ್ತು. 1730ರ ಆಗಸ್ಟ್ ತಿಂಗಳಲ್ಲಿ ನಗರಸಭೆಗೆ ಸಲ್ಲಿಸಿದ ಅರಿಕೆಯಲ್ಲಿ ಆತ ಲೆಕ್ಕ ಕೊಟ್ಟಿದ್ದಾನೆ: ಕೆಲಸಕ್ಕೆ ಬರುವವರು 17, ಇನ್ನೂ ಪಳಗಬೇಕಾದವರು 20, ಸಂಗೀತಕ್ಕೆ ಒದಗದವರು 17. ಒಟ್ಟು 54 ಹುಡುಗರು. ಯಾವ ಶಾಲೆಯ ಯಾವ ತರಗತಿಯಲ್ಲಾದರೂ ಇಂಥ ಲೆಕ್ಕವನ್ನು ಕಾಣಬಹುದಲ್ಲವೆ! ಇಂಥ ಹುಡುಗರನ್ನು ಕಟ್ಟಿಕೊಂಡೇ ಆತ ವಾರವಾರವೂ ಚರ್ಚಿನ ಸಂಗೀತವನ್ನು ನಡೆಸಿದನು. ಯೇಸುವಿನ ಕಷ್ಟಮರಣವನ್ನು ಮತ್ತಾಯನ ಸುವಾರ್ತೆಯಂತೆ ಹಾಡುವ ಆ ಮಹಾಕೃತಿ ಮೊದಲು ಕೇಳಿಬಂದದ್ದು ಇವರ ಕಂಠಗಳಿಂದಲೇ.

ಬಿರುಕು ಕಾಣಿಸಿಕೊಂಡದ್ದೂ ಇದೇ ಶಾಲೆಯಲ್ಲಿ. 1734ರಲ್ಲಿ ಯೋಹಾನ್ ಔಗುಸ್ಟ್ ಎರ್ನೆಸ್ಟಿ ಮುಖ್ಯೋಪಾಧ್ಯಾಯನಾದನು. ತರುಣ, ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳಲ್ಲಿ ದೊಡ್ಡ ವಿದ್ವಾಂಸ. ಮಕ್ಕಳು ಬೀದಿಯಲ್ಲಿ ಹಾಡುತ್ತ ತಿರುಗಿದರೆ ಓದುವುದು ಯಾವಾಗ ಎಂಬುದು ಆತನ ಪ್ರಶ್ನೆ. ಅದು ಅನ್ಯಾಯದ ಪ್ರಶ್ನೆಯಲ್ಲ. ಹಾಡದಿದ್ದರೆ ಈ ಶಾಲೆ ಇರುವುದೇತಕ್ಕೆ ಎಂಬುದು ಬಾಖನ ಪಕ್ಷ. ಅದೂ ಅನ್ಯಾಯವಲ್ಲ. ಮೇಳದ ನಾಯಕನನ್ನಾಗಿ ಯಾವ ಹುಡುಗನನ್ನು ನೇಮಿಸಬೇಕು, ನೇಮಿಸುವ ಹಕ್ಕು ಯಾರದು ಎಂದು 1736ರಲ್ಲಿ ಹುಟ್ಟಿದ ಜಗಳ ನಗರಸಭೆಯನ್ನೂ ಧರ್ಮಸಭೆಯನ್ನೂ ದಾಟಿ ದೊರೆಯವರೆಗೆ ಹೋಯಿತು. ವ್ಯಕ್ತಿಗಳ ಜಗಳದಂತೆ ತೋರಿದರೂ ಅದು ಎರಡು ಕಾಲಗಳ ಜಗಳ. ಸಂಗೀತವೂ ವಿದ್ಯೆಯೆಂದ ಲೂಥರನ ಕಾಲ ಹಿಂದೆ ಸರಿಯುತ್ತಿತ್ತು. ಸಂಗೀತದಿಂದ ವಿದ್ಯೆಗೆ ಅಡ್ಡಿಯೆನ್ನುವ ಕಾಲ ಬರುತ್ತಿತ್ತು. ಮುಂದಿನ ನೂರು ವರ್ಷಗಳಲ್ಲಿ ನಗರಗಳ ಹಳೆಯ ಕಾಂಟರ್ ಹುದ್ದೆ ಬಹುಮಟ್ಟಿಗೆ ಕರಗಿತು. ಮತ್ತಾಯನ ಕಷ್ಟಮರಣ ಕೃತಿಯನ್ನು 1829ರಲ್ಲಿ ಮೆಂಡೆಲ್ಸೋನ್ ಮತ್ತೆ ಬೆಳಕಿಗೆ ತಂದದ್ದು ಬರ್ಲಿನ್ನಿನಲ್ಲಿ, ಸಂಗೀತಪ್ರಿಯರ ಸಂಘವೊಂದರ ಸಭೆಯಲ್ಲಿ. ಚರ್ಚಿನಲ್ಲಿಯೂ ಅಲ್ಲ, ಶಾಲೆಯಲ್ಲಿಯೂ ಅಲ್ಲ.

ಈ ಪರಂಪರೆಯ ಒಂದು ಎಳೆ ನಮ್ಮ ನಾಡನ್ನೂ ಮುಟ್ಟಿದೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಬರಿಯ ಲೂಥರನ್ ಸಂಸ್ಥೆಯಲ್ಲ. ಲೂಥರನ್ ಮತ್ತು ರಿಫಾರ್ಮ್ಡ್ ಪಂಗಡಗಳೆರಡೂ ಅದರಲ್ಲಿ ಕೂಡಿದ್ದವು. ಆದರೆ ಅದರ ಹಲವರು ಲೂಥರನ್ ನಾಡಾದ ವ್ಯೂರ್ಟೆಂಬೆರ್ಗಿನಿಂದ ಬಂದವರು, ಹಾಡುತ್ತ ಬೆಳೆದವರು. ಜರ್ಮನ್ ಮಟ್ಟುಗಳಿಗೆ ಕನ್ನಡ ಮಾತು ಹೊಂದಿಸುವುದು ಸುಲಭವಾಗಿರಲಿಲ್ಲ. ಅವರ ಪದ್ಯ ನಡೆಯುವುದು ಉಚ್ಚಾರಣೆಯ ಒತ್ತಿನಿಂದ. ನಮ್ಮದು ಲಘುಗುರುಗಳಿಂದ, ಮಾತ್ರೆಗಳಿಂದ. ಕಿಟ್ಟೆಲ್ ಪಂಡಿತರು ಈ ತೊಡಕನ್ನರಿತು, 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ನಮ್ಮ ದೇಶದ ಗೇಯರೀತಿಯಲ್ಲಿಯೇ ಹೇಳಿದರು. ಅದಕ್ಕೂ ಮೊದಲು, 1850ರಲ್ಲಿ, ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದರು. ಜನರ ನಾಲಗೆಯ ಮೇಲೆ ನಿಂತ ಹಾಡಿನ ಬೆಲೆ ಆ ನಾಡಿನವರಿಗೆ ತಿಳಿದಿತ್ತು. ತಮ್ಮ ಮತದ್ದಲ್ಲದ ಹಾಡಿನಲ್ಲಿಯೂ ಅದನ್ನು ಗುರುತಿಸಬಲ್ಲವರಾದರು.

ಲೈಪ್‌ಜಿಗ್ಗಿನ ಮೇಳ ಲೂಥರನಿಗಿಂತಲೂ ಹಳೆಯದು. 1212ರಲ್ಲಿ ಮಠವೊಂದರ ಜೊತೆಗೆ ಹುಟ್ಟಿ, 2012ರಲ್ಲಿ ಎಂಟುನೂರು ವರ್ಷಗಳ ಉತ್ಸವ ಆಚರಿಸಿತು. ಹುಡುಗರು ಇಂದಿಗೂ ಶಾಲೆಯಲ್ಲಿ ಓದುತ್ತಲೇ ಸಂತ ಥಾಮಸನ ಚರ್ಚಿನಲ್ಲಿ ಹಾಡುತ್ತಾರೆ. ಬಾಖನಂಥವರು ಯಾವ ಏರ್ಪಾಡಿನಿಂದಲೂ ಹುಟ್ಟುವುದಿಲ್ಲ, ನಿಜ. ಆದರೆ ಆತ ಬರೆದದ್ದನ್ನು ಹಾಡಲು 17 ಕಂಠಗಳು, ಪಳಗಿಸಲು ಇನ್ನು 20 ಕಂಠಗಳು ಸಿದ್ಧವಾಗಿದ್ದವು. ಅವನ್ನು ಒದಗಿಸಿದ್ದು ಎರಡು ನೂರು ವರ್ಷಗಳ ಮಧ್ಯಾಹ್ನದ ಆ ಒಂದು ಗಂಟೆ.