ಗೊಂಬೆಗೆ ಜೀವ ಬರುತ್ತದೆಯೇ? ಈ ಭಯದ ಕಥೆಗೆ 200 ವರ್ಷ

ರಾತ್ರಿ ತಾನಾಗಿಯೇ ಕತ್ತು ತಿರುಗಿಸುವ ಗೊಂಬೆಯ ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಈ ಭಯ ಎಲ್ಲಿಂದ ಬಂತು ಎಂದು ನೋಡೋಣ.

ನಮ್ಮ ಗೊಂಬೆಗಳು ಹೆದರಿಸುತ್ತವೆಯೇ?

ಮಾತಾಡುವ ಗೊಂಬೆ ನಮಗೆ ಹೊಸದಲ್ಲ. ವಿಕ್ರಮಾದಿತ್ಯನ ಸಿಂಹಾಸನದ 32 ಗೊಂಬೆಗಳು ಭೋಜರಾಜನನ್ನು ತಡೆದು ಒಂದೊಂದು ಕಥೆ ಹೇಳುತ್ತವೆ. ಕನ್ನಡದಲ್ಲಿ ಇದೇ ಬತ್ತೀಸ ಪುತ್ತಳಿ ಕಥೆ. ಅವು ಯಾರನ್ನೂ ಕೊಲ್ಲುವುದಿಲ್ಲ, ಬುದ್ಧಿ ಹೇಳುತ್ತವೆ.

ಭಾಗಮಂಡಲದ ಸುತ್ತಲಿನ ಕೊಡವ ಮನೆಗಳನ್ನೇ ನೋಡಿ. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣದ ಮರುದಿನ ಬೆಳಿಗ್ಗೆ ಕಣಿ ಪೂಜೆ ನಡೆಯುತ್ತದೆ. ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂವು ಮುಡಿಸಿ, ಒಡವೆ ತೊಡಿಸುತ್ತಾರೆ. ಅದೇ ಕಾವೇರಮ್ಮ. ಮಕ್ಕಳು ಹೆದರುವುದಿಲ್ಲ, ಕೈ ಮುಗಿಯುತ್ತಾರೆ. ವಸ್ತುವಿನಲ್ಲಿ ಜೀವ ಕಾಣುವುದೇ ಭಯವಲ್ಲ ಎಂದಾಯಿತು.

ಹಾಗಾದರೆ ಭಯ ಶುರುವಾದದ್ದು ಎಲ್ಲಿ?

ಬಹುಮಟ್ಟಿಗೆ ಯುರೋಪಿನ ಕಥೆಗಳಲ್ಲಿ. ಕೀಲಿ ಕೊಟ್ಟರೆ ನಡೆಯುವ ಯಂತ್ರದ ಗೊಂಬೆಗಳು ಅಲ್ಲಿ 18ನೇ ಶತಮಾನದಲ್ಲಿ ಜನಪ್ರಿಯವಾಗಿದ್ದವು. 1816ರಲ್ಲಿ ಜರ್ಮನ್ ಲೇಖಕ ಹಾಫ್‌ಮನ್ 'ಡೆರ್ ಝಾಂಡ್‌ಮನ್' ಕಥೆ ಬರೆದ. ಅದರ ನಾಯಕ ಒಲಿಂಪಿಯಾ ಎಂಬ ಯುವತಿಯನ್ನು ಪ್ರೀತಿಸುತ್ತಾನೆ. ಅವಳು ಯಂತ್ರದ ಗೊಂಬೆ ಎಂದು ತಿಳಿದಾಗ ಹುಚ್ಚನಾಗುತ್ತಾನೆ. ಮುಂದೆ 1932ರಲ್ಲಿ ಅಮೆರಿಕದ ಮೆರಿಟ್ ಬರೆದ ಕಾದಂಬರಿಯಲ್ಲಿ ಗೊಂಬೆಗಳೇ ಕೊಲೆಗಾರರಾದವು. ಅದನ್ನು ಆಧರಿಸಿ 1936ರಲ್ಲಿ ಸಿನಿಮಾವೂ ಬಂತು.

ವಿಜ್ಞಾನ ಏನು ಹೇಳುತ್ತದೆ?

1906ರಲ್ಲಿ ಮನೋವೈದ್ಯ ಯೆಂಚ್ ಇದಕ್ಕೆ ಕಾರಣ ಹೇಳಿದ: ಎದುರಿಗಿರುವುದಕ್ಕೆ ಜೀವ ಇದೆಯೋ ಇಲ್ಲವೋ ಎಂಬ ಅನುಮಾನವೇ ನಮ್ಮನ್ನು ಕಾಡುತ್ತದೆ. 1970ರಲ್ಲಿ ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೊರಿ ಇನ್ನೊಂದು ಮಾತು ಸೇರಿಸಿದ: ಗೊಂಬೆ ಮನುಷ್ಯನನ್ನು ಹೆಚ್ಚುಕಡಿಮೆ ಹೋತು, ಪೂರ್ತಿ ಹೋಲದಿದ್ದಾಗ ಮೈ ಜುಂ ಎನ್ನುತ್ತದೆ. ಸೌತೆಕಾಯಿಯ ಕಣಿಯಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ.

ಅನಾಬೆಲ್ ಗೊಂಬೆ ತಪ್ಪಿಸಿಕೊಂಡಿತೇ?

ಇಲ್ಲ. 2020ರ ಆಗಸ್ಟ್‌ನಲ್ಲಿ ಈ ಸುದ್ದಿ ಜಗತ್ತೆಲ್ಲ ಹರಿದಾಡಿತು. ಅಮೆರಿಕದ ಆ ಮ್ಯೂಸಿಯಂ ನೋಡಿಕೊಳ್ಳುವವರೇ ಗೊಂಬೆ ಪೆಟ್ಟಿಗೆಯಲ್ಲೇ ಇರುವುದನ್ನು ವಿಡಿಯೋದಲ್ಲಿ ತೋರಿಸಿದರು. ಅಂದಹಾಗೆ, ಅಸಲಿ ಅನಾಬೆಲ್ ಸಿನಿಮಾದಲ್ಲಿರುವಂಥ ವಿಕಾರ ಮುಖದ್ದಲ್ಲ, ಸಾಮಾನ್ಯ ಬಟ್ಟೆಯ ಗೊಂಬೆ.

ನೀವು ಏನು ಮಾಡಬಹುದು?

ಗೊಂಬೆ ಅಲುಗಾಡುವ ವಿಡಿಯೋಗೆ ದಾರ, ಬ್ಯಾಟರಿ ಅಥವಾ ಎಡಿಟಿಂಗ್ ಸಾಕು. ಆದರೆ ಅದನ್ನು ನೋಡಿದ ಮಗು ರಾತ್ರಿಯೆಲ್ಲ ನಿದ್ದೆಗೆಡಬಹುದು. ಊರಿನ ಹೆಸರು ಸೇರಿಸಿ 'ಮಾಟದ ಗೊಂಬೆ' ಎಂದು ಹಂಚಿದರೆ ಅನುಮಾನ ಯಾರೋ ಬಡವರ ಮನೆ ಬಾಗಿಲಿಗೆ ಹೋಗುತ್ತದೆ. ಕಥೆಯನ್ನು ಕಥೆಯಾಗಿ ಓದೋಣ, ಫಾರ್ವರ್ಡ್ ನಮ್ಮಲ್ಲೇ ನಿಲ್ಲಲಿ.