ನಾರು ಬಲವರ್ಧಿತ ಪ್ಲಾಸ್ಟಿಕ್: ವಸ್ತುಗಳ ಆಯ್ಕೆ

ಇದು ನಾರು ಮತ್ತು ರೆಸಿನ್ ಕೂಡಿಸಿ ಅಚ್ಚಿನಲ್ಲಿ ರೂಪಿಸುವ ಹಗುರವಾದ, ಗಟ್ಟಿಯಾದ ಸಂಯುಕ್ತ ವಸ್ತು. ಭಾರ ಹೊರುವುದು ನಾರು. ನಾರನ್ನು ಹಿಡಿದಿಟ್ಟು ಬಲ ಹಂಚುವುದು ರೆಸಿನ್. ಗಾಜಿನ ನಾರು ಅಗ್ಗ. ನೀರಿನ ತೊಟ್ಟಿ, ದೋಣಿಗಳಿಗೆ ಸಾಕು. ಇಂಗಾಲದ ನಾರು ದುಬಾರಿ, ಆದರೆ ಹೆಚ್ಚು ಬಿಗಿ; ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 1.8 ಗ್ರಾಂ (ಉಕ್ಕಿನದು 7.8). ಸಾಮಾನ್ಯ ಬಳಕೆಗೆ ಪಾಲಿಯೆಸ್ಟರ್ ರೆಸಿನ್, ರಾಸಾಯನಿಕಗಳನ್ನು ತಡೆಯಲು ವಿನೈಲ್ ಎಸ್ಟರ್, ಹೆಚ್ಚಿನ ಬಲಕ್ಕೆ ಇಪಾಕ್ಸಿ ಸೂಕ್ತ. ಕತ್ತರಿಸಿದ ನಾರಿನ ಚಾಪೆ ಎಲ್ಲ ದಿಕ್ಕಿಗೂ ಸಾಧಾರಣ ಬಲ ಕೊಡುತ್ತದೆ. ಒಂದೇ ದಿಕ್ಕಿನ ಎಳೆತವಿದ್ದರೆ ಉದ್ದ ನಾರನ್ನು ಅದೇ ದಿಕ್ಕಿಗೆ ಹಾಸಬೇಕು. ರೆಸಿನ್‌ನಲ್ಲಿ ಗಾಳಿಗುಳ್ಳೆ ಉಳಿದರೆ ಭಾಗ ದುರ್ಬಲವಾಗುತ್ತದೆ. ಇಂಥ ವಸ್ತು ವಿಮಾನಗಳಲ್ಲೂ ಬಳಕೆಯಾಗುತ್ತದೆ: ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ‘ಹಂಸ’ ತರಬೇತಿ ವಿಮಾನದ ಒಡಲು ಸಂಯುಕ್ತ ವಸ್ತುವಿನದು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ‘ತೇಜಸ್’ ಯುದ್ಧವಿಮಾನದ ರೆಕ್ಕೆಗಳಲ್ಲಿ ಇಂಗಾಲದ ನಾರನ್ನು ಬಳಸಲಾಗಿದೆ.